ನಲ್ಲಿಯ ಬೆವರು

ಭಗವಂತನು ಕೆಲವರನ್ನು ಓಡಲೆಂದು ಸೃಷ್ಟಿಸಿದ, ಕೆಲವರನ್ನು ಓಡುವವರನ್ನು ನೋಡಲೆಂದು ಸೃಷ್ಟಿಸಿದ. ನಮ್ಮ ಭೂಗೋಳದ ಮೇಷ್ಟ್ರನ್ನು ಮಾತ್ರ, ಲೋಕದಲ್ಲಿ ಯಾವ ಕುರ್ಚಿಯೂ ಖಾಲಿ ಉಳಿದು ನೊಂದುಕೊಳ್ಳಬಾರದೆಂದು ಸೃಷ್ಟಿಸಿದನೆಂದು ತೋರುತ್ತದೆ. ಕುರ್ಚಿ ಕಂಡಲ್ಲಿ ಅವರು ಕೂರುವರು. ಕೂತಲ್ಲಿಂದ ನಾಲ್ಕು ಜನರ ಎದುರಿಗೆ ಎದ್ದು ಹೋಗುವುದೆಂದರೆ ಅವರಿಗೆ ಪ್ರಾಣಸಂಕಟ. ಆ ಸಂಕೋಚದ ಹೊಟ್ಟೆಯಲ್ಲಿಯೇ ಈ ಕಥೆ ಹುಟ್ಟಿತು.

ರಜೆಯಲ್ಲಿ ಮೇಷ್ಟ್ರುಗಳಿಗೆಲ್ಲ ತರಬೇತಿ ಏರ್ಪಾಡಾಗಿತ್ತು. ಭೂಪಟದ ತರಬೇತಿ ಮಹಡಿಯ ಬಲಗಡೆಯ ಕೋಣೆಯಲ್ಲಿ. ಮೇಷ್ಟ್ರು ಎಡಕ್ಕೆ ಹೋದರು. ಭೂಗೋಳ ಕಲಿಸುವವನಿಗೆ ದಿಕ್ಕು ತಿಳಿದಿರಬೇಕೆಂದು ಯಾವ ಕಾನೂನಿನಲ್ಲಿದೆ? ಒಳ್ಳೆಯದೊಂದು ಫ್ಯಾನಿನ ಕೆಳಗೆ ಕೂತು, ಪೆನ್ನು ತೆಗೆದು ತಲೆಯೆತ್ತಿದರೆ, ನರೆಗೂದಲಿನ ಹೆಂಗಸೊಬ್ಬರು ಬರಿಗಾಲಲ್ಲಿ ನಿಂತು ಪ್ರೌಢಶಾಲೆಯ ಮಕ್ಕಳಿಗೆ ನೂರು ಮೀಟರ್ ಓಟ ಕಲಿಸುವುದು ಹೇಗೆಂದು ವಿವರಿಸುತ್ತಿದ್ದರು. ನಡುವೆ ಎದ್ದರೆ ಆಕೆಯ ಮನಸ್ಸಿಗೆ ನೋವಾದೀತು. ಮೇಷ್ಟ್ರು ಊಟದವರೆಗೆ ಶ್ರದ್ಧೆಯಿಂದ ಕೇಳಿದರು, ಊಟದ ನಂತರ ಅಷ್ಟೇ ಶ್ರದ್ಧೆಯಿಂದ ನಿದ್ದೆ ಮಾಡಿದರು. ಸಂಜೆ ಎಲ್ಲರಿಗೂ ಕೊಟ್ಟಂತೆ ಅವರಿಗೂ ಒಂದು ಪ್ರಮಾಣಪತ್ರ ಕೊಟ್ಟರು.

ಅದು ಡ್ರಾಯರಿನಲ್ಲಿ ಬಿದ್ದಿದ್ದರೆ ಯಾರಿಗೂ ಕೇಡಿರಲಿಲ್ಲ. ಆದರೆ ಹೆಂಡತಿ ಅದಕ್ಕೆ ಚೌಕಟ್ಟು ಹಾಕಿಸಿ ನಡುಮನೆಯ ಗೋಡೆಗೆ ತೂಗುಹಾಕಿದಳು. "ಗೋಡೆ ಬಿರುಕು ಬಿಟ್ಟಿತ್ತು ರೀ, ಮುಚ್ಚೋಕೆ ಏನಾದ್ರೂ ಬೇಕಿತ್ತು," ಎಂಬುದಷ್ಟೇ ಆಕೆಯ ಉದ್ದೇಶ. ಅದೇ ವಾರ ಮಾವನವರು ಬಂದರು. ಅವರು ನಿವೃತ್ತ ಸ್ಟೇಷನ್ ಮಾಸ್ಟರು. ಏನನ್ನು ಓದಿದರೂ ರೈಲು ಬರುವುದನ್ನು ಸಾರುವಂತೆಯೇ ಓದುವರು. ಗೋಡೆಯ ಮುಂದೆ ನಿಂತು ಪ್ರಮಾಣಪತ್ರವನ್ನು ಅಕ್ಕಪಕ್ಕದ ಮೂರು ಮನೆಗೆ ಕೇಳುವಂತೆ ಓದಿ ಮುಗಿಸಿ, ಕಣ್ಣರಳಿಸಿ ತಿರುಗಿದರು.

"ಅಳಿಯಂದ್ರೇ! ನೀವು ಓಟಗಾರರು ಅಂತ ಮದುವೆ ಮಾತುಕತೇಲಿ ಹೇಳಲೇ ಇಲ್ವಲ್ಲ!"

ಇಲ್ಲ ಎಂದು ಒಂದು ಮಾತು ಹೇಳಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಮಾವನ ಕಣ್ಣಲ್ಲಿ ಹಿಂದೆಂದೂ ಕಾಣದ ಗೌರವ ಮಿನುಗುತ್ತಿತ್ತು. ಮೇಷ್ಟ್ರು ನೆಲ ನೋಡುತ್ತ, "ಏನೋ... ಹಿಂದೆ... ಸ್ವಲ್ಪ..." ಎಂದರು. ಬಸ್ಸಿನ ಹಿಂದೆ ಸ್ವಲ್ಪ ಓಡಿದ್ದು ನಿಜವಾದ್ದರಿಂದ ಇದನ್ನು ಪೂರ್ತಿ ಸುಳ್ಳೆನ್ನಲಾಗದು.

ಮರುದಿನ ಬೆಳಿಗ್ಗೆ ಹಾಲಿನ ಅಂಗಡಿಯ ಮುಂದೆ ಮಾವನವರ ಬಾಯಿಂದ ಈ ಸುದ್ದಿ ಶಾಲೆಯ ಹೆಡ್ ಮೇಡಂ ಕಿವಿಗೆ ಬಿತ್ತು. ವ್ಯಾಯಾಮದ ಮೇಷ್ಟ್ರು ವರ್ಗವಾಗಿ ಹೋಗಿದ್ದರು, ತಿಂಗಳ ಕೊನೆಗೆ ಶಾಲೆಗಳ ಕ್ರೀಡಾಕೂಟವಿತ್ತು. "ಮನೇಲೇ ದೀಪ ಇಟ್ಕೊಂಡು ಊರೆಲ್ಲ ಬೆಂಕಿ ಕೇಳ್ತಾ ಇದ್ನಲ್ಲಪ್ಪಾ!" ಎಂದು ಆಕೆ ಉದ್ಗರಿಸಿ, ಅಂದೇ ಓಟದ ಮಕ್ಕಳನ್ನು ಭೂಗೋಳದ ಮೇಷ್ಟ್ರ ಕೊರಳಿಗೆ ಕಟ್ಟಿದರು.

ಮೊದಲ ಸಂಜೆ ಮಕ್ಕಳು ಸಾಲಾಗಿ ನಿಂತಿದ್ದರು; ಮುಖದಲ್ಲಿ ಕಳೆಯಿರಲಿಲ್ಲ. ಹಳೆಯ ವ್ಯಾಯಾಮದ ಮೇಷ್ಟ್ರು ಸೀಟಿ ಊದಿ, ಮೈದಾನ ಸುತ್ತಿಸಿ ಸುತ್ತಿಸಿ, ಯಾರಾದರೂ ವಾಂತಿ ಮಾಡಿಕೊಂಡ ಮೇಲೆಯೇ ಮನೆಗೆ ಬಿಡುತ್ತಿದ್ದರು. ತಂದೆತಾಯಿಗಳಿಗೆ ಅವರೆಂದರೆ ಅಪಾರ ಭಕ್ತಿ.

"ಸಾರ್, ಎಷ್ಟು ಸುತ್ತು?" ಎಂದು ತೆಳ್ಳನೆಯ ಹುಡುಗಿಯೊಬ್ಬಳು ಕೇಳಿದಳು.

"ಸುತ್ತಿ ಸುತ್ತಿ ಎಲ್ಲಿಗೆ ಹೋಗ್ತೀರಿ? ಹೊರಟಲ್ಲಿಗೇ ತಾನೇ ಬರೋದು?"

ಮಕ್ಕಳು ಮುಖಮುಖ ನೋಡಿಕೊಂಡರು. ಇಂಥ ಜ್ಞಾನದ ಮಾತು ಆ ಮೈದಾನದಲ್ಲಿ ಅದುವರೆಗೆ ಯಾರೂ ಆಡಿರಲಿಲ್ಲ.

ಮೇಷ್ಟ್ರಿಗೆ ಗೊತ್ತಿದ್ದುದು ಆ ತರಬೇತಿಯಲ್ಲಿ ಊಟಕ್ಕೆ ಮುಂಚೆ ಕೇಳಿದ ವಿದ್ಯೆ ಮಾತ್ರ. ವೇಗ ಬೇಕಾದರೆ ವೇಗವಾಗಿಯೇ ಓಡಬೇಕು, ಸ್ವಲ್ಪವೇ ದೂರ, ಪೂರ್ತಿ ಶಕ್ತಿಯಲ್ಲಿ. ಓಡಿದ ಮೇಲೆ ಉಸಿರು ತನ್ನ ಮನೆಗೆ ತಾನು ಹಿಂದಿರುಗುವವರೆಗೆ ಕಾಯಬೇಕು. ಮಗುವಿನ ಮುಖದ ನಗು ಬಾಡಿತೋ, ಅಂದಿನ ಪಾಠ ಮುಗಿಯಿತು. ಉಸಿರು ಕೊಟ್ಟವನು ದೇವರು, ಅದನ್ನು ಅವಸರಪಡಿಸಲು ನಾವು ಯಾರು ಎಂದು ಮೇಷ್ಟ್ರಿಗೂ ಅನ್ನಿಸಿತ್ತು. ಹೀಗೆ, ಬಟ್ಟೆಚೂರನ್ನು ಸೊಂಟಕ್ಕೆ ಬಾಲದಂತೆ ಸಿಕ್ಕಿಸಿಕೊಂಡು ಒಬ್ಬರ ಬಾಲ ಒಬ್ಬರು ಕೀಳುವ ಆಟದಿಂದ ಪಾಠ ಶುರುವಾಗುತ್ತಿತ್ತು. ಆಮೇಲೆ ಗೋಡೆಯಿಂದ ಮರದವರೆಗೆ ಬಾಣ ಬಿಟ್ಟಂತೆ ಒಂದು ಓಟ. ಆಮೇಲೆ ಮರದಡಿಯಲ್ಲಿ ಎಲ್ಲರೂ ಅಂಗಾತ. ಆಗ ಮೇಷ್ಟ್ರು ಕಥೆ ಹೇಳುವರು. ಅಜ್ಜಿಯಿಂದ ಕೇಳಿದ ಕಥೆಗಳು ಅವರಲ್ಲಿ ಬಹಳವಿದ್ದವು, ಒಂದರ ಕೊನೆಯೂ ನೆನಪಿರಲಿಲ್ಲ. ಕಥೆ ಸಿಕ್ಕಿಹಾಕಿಕೊಂಡ ಕಡೆ, "ಆಮೇಲೆ... ಆಮೇಲೆ ಏಳಿ, ಓಡಿ!" ಎನ್ನುವರು. ಅಷ್ಟು ಹೊತ್ತಿಗೆ ಉಸಿರೂ ಸರಿಯಾಗಿ ಬಂದಿರುತ್ತಿತ್ತು. ದೇವರ ಲೆಕ್ಕಾಚಾರವೆಂದರೆ ಇದು.

ಆ ತೆಳ್ಳನೆಯ ಹುಡುಗಿಯನ್ನು ಎಲ್ಲರೂ ಮಿಂಚುಳ್ಳಿ ಎಂದೇ ಕರೆಯುತ್ತಿದ್ದರು. ಇಲ್ಲಿದ್ದಾಳೆ ಎನ್ನುವಷ್ಟರಲ್ಲಿ ಅಲ್ಲಿರುತ್ತಿದ್ದಳು. ಅವಳ ತಾಯಿ ಶಾಲೆಯ ಹಿಂದಿನ ಬೀದಿಯಲ್ಲಿ ಹೊಲಿಗೆ ಅಂಗಡಿ ಇಟ್ಟಿದ್ದ ಹೆಂಗಸು. ಗಂಡನಿಲ್ಲ, ಕೆಲಸಕ್ಕೆ ಆಳಿಲ್ಲ, ಬಿಡುವಂತೂ ಹುಟ್ಟಿದಾಗಿನಿಂದ ಇಲ್ಲ. ಸಂಜೆ ಹೊತ್ತು ಗುಂಡಿ ಹೊಲಿಯಲು, ಅಂಚು ಮಡಿಸಲು ಮಗಳು ಬೇಕಾಗಿತ್ತು. ಆದರೂ ಹಳೆಯ ಮೇಷ್ಟ್ರ ಕಾಲದಲ್ಲಿಯೇ ಒಂದು ಕರಾರಿನ ಮೇಲೆ ಕಳಿಸಿದ್ದಳು. "ದುಡಿಮೆ ಅಂತಾದ್ರೆ ಹೋಗು. ಆಟ ಅಂತಾದ್ರೆ ಮನೇಲಿ ಕೂತು ಗುಂಡಿ ಹೊಲಿ. ಬೆವರಿಲ್ಲದೆ ಮನೆಗೆ ಬಂದ ದಿನ ನಿನ್ನ ಓಟ ಬಂದ್!" ಮಿಂಚುಳ್ಳಿಗೋ ಕ್ರೀಡಾಕೂಟದಲ್ಲಿ ಓಡುವುದೊಂದೇ ಕನಸು.

ಈಗ ನೋಡಿ, ಹೊಸ ಮೇಷ್ಟ್ರು ಬಂದ ಮೇಲೆ ಹುಡುಗಿ ಸಂಜೆ ಮನೆಗೆ ಹೂವಿನಂತೆ ಬರತೊಡಗಿದಳು. ಹಾಡು ಗುನುಗುತ್ತಾಳೆ. ಅಂಗಿ ಬೆಳಿಗ್ಗೆ ಹಾಕಿದಂತೆಯೇ ಇದೆ. ತಾಯಿ ಒಂದು ದಿನ ನೋಡಿದಳು, ಎರಡು ದಿನ ನೋಡಿದಳು. ಮೂರನೆಯ ದಿನ ಅಳತೆ ಟೇಪನ್ನು ಕೊರಳಲ್ಲಿ ಹಾಕಿಕೊಂಡೇ ಮೇಷ್ಟ್ರ ಮನೆಯ ಬಾಗಿಲು ತಟ್ಟಿದಳು.

"ಮೇಷ್ಟ್ರೇ, ಒಂದು ಮಾತು. ನನ್ನ ಮಗಳು ಸಾಯಂಕಾಲ ಎಲ್ಲಿಗೆ ಹೋಗ್ತಾಳೆ?"

"ಮೈದಾನಕ್ಕೆ, ಓಡೋಕೆ..."

"ಓಡೋಕೆ? ಓಡಿ ಬಂದೋಳ ಅಂಗಿ ಇಸ್ತ್ರಿ ಮಾಡಿದ ಹಾಗಿರುತ್ತಾ? ಹಿಂದಿನ ಮೇಷ್ಟ್ರು ಕಳಿಸ್ತಿದ್ದಾಗ ನನ್ನ ಮಗು ಹೊಸಲು ದಾಟೋಕೂ ಆಗದೆ ಬಿದ್ದುಬಿಡ್ತಿತ್ತು. ನೋಡಿದ್ರೆ ಕಣ್ಣು ತುಂಬಿ ಬರ್ತಿತ್ತು. ಅದು ಕಲಿಸೋದು ಅಂದ್ರೆ!"

ಒಳಗಿನಿಂದ ಮಾವನವರು ಪೇಪರು ಮಡಿಸುತ್ತ ಬಂದರು. ಅವರು ದಿನವೂ ಮೈದಾನದ ಬೆಂಚಿನ ಮೇಲೆ ಕೂತು ಓದುವವರು. "ನಾನೂ ಕೇಳ್ಬೇಕು ಅಂತಿದ್ದೆ ಅಳಿಯಂದ್ರೇ. ಯಾವಾಗ ಪೇಪರಿಂದ ತಲೆ ಎತ್ತಿದ್ರೂ ಮಕ್ಕಳು ಮಲಗೇ ಇರ್ತಾವಲ್ಲ? ಇದು ಓಟದ ಶಾಲೆನೋ, ನಿದ್ದೆ ಶಾಲೆನೋ? ನಮ್ಮ ಕಾಲದಲ್ಲಿ ಸಿಗ್ನಲ್ ಕಂಬ ಕೂಡ ಇಷ್ಟು ಹೊತ್ತು ಮಲಗ್ತಿರಲಿಲ್ಲ!"

ಉಸಿರಿನ ವಿಷಯ, ನಗುವಿನ ವಿಷಯ ಎಲ್ಲ ಮೇಷ್ಟ್ರ ಗಂಟಲವರೆಗೆ ಬಂತು. ಆದರೆ ಎರಡು ದಿಕ್ಕಿನಿಂದ ಇಬ್ಬರು ನೋಡುತ್ತಿದ್ದಾಗ ಬಾಯಿಂದ ಹೊರಬಂದದ್ದು ಬೇರೆಯೇ.

"ನಾಳೆಯಿಂದ ಬೆವರ್ತಾರೆ," ಎಂದುಬಿಟ್ಟರು.

"ಮಾತು ಮಾತೇ! ಬೆವರದೆ ಬಂದ್ರೆ ಅವಳ ಹೆಸರು ಹೊಡೆದುಬಿಡಿ," ಎಂದು ದರ್ಜಿಯಮ್ಮ ಹೋದಳು.

ಮರುದಿನ ಮರದಡಿಯಲ್ಲಿ ಮೇಷ್ಟ್ರು ತಲೆಯ ಮೇಲೆ ಕೈಹೊತ್ತು ಕೂತರು. ವಿಷಯ ಕೇಳಿ ಮಕ್ಕಳು ಗಂಭೀರರಾದರು. ಹಳೆಯ ಸುತ್ತುಗಳು ಕಣ್ಣಮುಂದೆ ಬಂದಿರಬೇಕು. ಆಗ ಮಿಂಚುಳ್ಳಿ ಕಾಂಪೌಂಡಿನ ಮೂಲೆಯ ನಲ್ಲಿಯನ್ನು ನೋಡಿದಳು. ಗುಂಡುಕಲ್ಲು ಎಂಬ ದಪ್ಪನೆಯ ಹುಡುಗ ಮಿಂಚುಳ್ಳಿಯನ್ನು ನೋಡಿದ. ಮೇಷ್ಟ್ರು ಆಕಾಶ ನೋಡಿದರು. ಹೂಂ ಎನ್ನಲಿಲ್ಲ, ಉಹೂಂ ಎನ್ನಲಿಲ್ಲ. ಮೌನಕ್ಕೆ ಅರ್ಥ ಹಚ್ಚುವುದರಲ್ಲಿ ಮಕ್ಕಳನ್ನು ಮೀರಿಸಿದ ಪಂಡಿತರಿಲ್ಲ.

ಅಂದು ಸಂಜೆ ಮಿಂಚುಳ್ಳಿ ಬೆನ್ನು ತೋಯಿಸಿಕೊಂಡು, ಕಾಲೆಳೆದುಕೊಂಡು ಮನೆ ಸೇರಿದಳು. ತಾಯಿಯ ಕಣ್ಣು ತುಂಬಿ ಬಂತು. "ಅಬ್ಬಾ, ಮೇಷ್ಟ್ರು ಮಾತು ಉಳಿಸಿಕೊಂಡ್ರು!"

ಒಂದೇ ವಾರದಲ್ಲಿ ಬೆವರಿನ ಕೀರ್ತಿ ಬೀದಿ ಬೀದಿ ಹಬ್ಬಿತು. ತಾಯಂದಿರು ಕಟ್ಟೆಯ ಮೇಲೆ ಕೂತು ಹೋಲಿಸಿಕೊಳ್ಳತೊಡಗಿದರು.

"ನಿಮ್ಮೋನಿಗೆ ಬರೀ ಬೆನ್ನು ಒದ್ದೆ ಅಲ್ವಾ? ನಮ್ಮೋನಿಗೆ ಸಾಕ್ಸ್ ತನಕ!"

"ನಮ್ಮ ಹುಡುಗಿ ಜಡೆ ಹಿಂಡಿದ್ರೆ ಒಂದು ಲೋಟ ಬರುತ್ತೆ ಕಣ್ರೀ."

ಮೇಷ್ಟ್ರು ಬೀದಿಯಲ್ಲಿ ನಡೆದರೆ ಜನ ದಾರಿ ಬಿಡುತ್ತಿದ್ದರು. ಹಠ ಮಾಡುವ ಮಕ್ಕಳಿಗೆ, "ಭೂಗೋಳದ ಮೇಷ್ಟ್ರ ಹತ್ರ ಬಿಟ್ಬಿಡ್ತೀನಿ ನೋಡು," ಎಂದು ಹೆದರಿಸಿ ಊಟ ಮಾಡಿಸುವರು. ಇರುವೆಯನ್ನೂ ದಾಟಿ ಕಾಲಿಡುವ ಮೇಷ್ಟ್ರಿಗೆ ಕಟುಕನ ಹೆಸರು ಬಂತು. ಮಾವನವರ ಎದೆಯಂತೂ ಉಬ್ಬಿ ಅಂಗಿಯ ಗುಂಡಿ ನಿಲ್ಲದಾಯಿತು. "ನನ್ನ ಅಳಿಯ ಮನುಷ್ಯನೇ ಅಲ್ಲ, ರಾಕ್ಷಸ!" ಎಂದು ಬೆಂಚಿನ ಮೇಲೆ ಕೂತು ಹೋಗುವವರಿಗೆಲ್ಲ ಅಭಿಮಾನದಿಂದ ಹೇಳುತ್ತಿದ್ದರು.

ಆದರೆ ಸುಳ್ಳಿಗೆ ದಾಹ ಜಾಸ್ತಿ; ಮೊದಲು ಬೊಗಸೆ ನೀರು ಸಾಕಿತ್ತು, ಆಮೇಲೆ ಮಗ್ಗು ಬೇಕಾಯಿತು. ಗುಂಡುಕಲ್ಲು ಒಂದು ದಿನ ಉತ್ಸಾಹದಿಂದ ಬಕೆಟ್ಟನ್ನೇ ತಲೆಗೆ ಸುರಿದುಕೊಂಡು ಹೋದ. ಅವನ ಅಪ್ಪ ಔಷಧಿ ಅಂಗಡಿಯವರು. ಮಗನ ಪ್ಯಾಂಟಿನಿಂದ ಬೆವರು ತೊಟ್ಟಿಕ್ಕುವುದನ್ನು ಕಂಡು ಅವರಿಗೆ ಜೀವವೇ ಹಾರಿತು.

"ಅಯ್ಯೋ! ಮೈಯಲ್ಲಿರೋ ಉಪ್ಪೆಲ್ಲ ಹೋಗಿಬಿಡುತ್ತಲ್ಲೋ!"

ಅಂದೇ ಅವರು ಎಲ್ಲ ಮನೆಗಳಿಗೂ ಸುದ್ದಿ ಮುಟ್ಟಿಸಿದರು. ಅಂದಿನಿಂದ ಮೈದಾನದಿಂದ ಬಂದ ಪ್ರತಿಯೊಂದು ಮಗುವಿಗೂ ದೊಡ್ಡ ಲೋಟದ ತುಂಬ ಉಪ್ಪುನೀರು. ಮಕ್ಕಳು ಮೂಗು ಹಿಡಿದುಕೊಂಡು ಕುಡಿದರು. ಪಾಪದ ಫಲವನ್ನು ಇಷ್ಟು ಬೇಗ, ಇಷ್ಟು ಉಪ್ಪುಪ್ಪಾಗಿ ಉಂಡವರು ಲೋಕದಲ್ಲಿ ಕಡಿಮೆ.

ಇತ್ತ ಶಾಲೆಯ ತೊಟ್ಟಿ ಬೆಳಗಾದರೆ ಬರಿದು. ಹೆಡ್ ಮೇಡಂ ಅವರ ಹೂಕುಂಡಗಳು ಬಾಡಿದವು, ಸಿಬ್ಬಂದಿಯ ಚಹಾ ನಿಂತಿತು. ಹೂವು ಬಾಡಿದಾಗ ಸುಮ್ಮನಿದ್ದವರೆಲ್ಲ ಚಹಾ ನಿಂತಾಗ ಎದ್ದುನಿಂತರು. ನೆಲದಡಿಯ ಪೈಪು ಒಡೆದಿದೆಯೆಂದು ದೂರು ಹೋಯಿತು. ಒಂದು ಸಂಜೆ ನೀರು ಸರಬರಾಜಿನ ಇಂಜಿನಿಯರ್ ಸಾಹೇಬರು, ಸೋರಿಕೆಯ ಸದ್ದು ಕೇಳಲೆಂದು ಉದ್ದನೆಯ ಕಬ್ಬಿಣದ ಸಲಾಕೆ ಹಿಡಿದು ಬಂದರು. ಅದರ ಒಂದು ತುದಿ ನೆಲಕ್ಕೆ, ಇನ್ನೊಂದು ತುದಿ ಕಿವಿಗೆ. ಹಿಂದೆ ಹೆಡ್ ಮೇಡಂ. ಅಧಿಕಾರಿ ಹೋದ ಕಡೆ ತಾನೂ ಹೋಗಬೇಕೆಂದು ನಂಬಿದ್ದ ಮಾವನವರು ಅವರ ಹಿಂದೆ. ಉಪ್ಪಿನ ಪೊಟ್ಟಣ ಹಂಚಲು ಬಂದಿದ್ದ ಔಷಧಿ ಅಂಗಡಿಯವರು ಮಾವನವರ ಹಿಂದೆ. ಎಲ್ಲರಿಗಿಂತ ಹಿಂದೆ ದರ್ಜಿಯಮ್ಮ. ಮಗಳ ಬೆವರು ಒರೆಸಲೆಂದು ಅವಳೇ ಅಂಚು ಹೊಲಿದ ಹೊಸ ಟವೆಲ್ಲು ಅವಳ ಕೈಯಲ್ಲಿತ್ತು.

"ಶ್! ಸದ್ದು ಬರ್ತಿದೆ," ಎಂದರು ಸಾಹೇಬರು. "ದೊಡ್ಡ ಸೋರಿಕೆ. ಈ ಕಡೆ."

ಸದ್ದಿನ ಜಾಡು ಹಿಡಿದು ಕಾಂಪೌಂಡಿನ ಮೂಲೆ ತಿರುಗಿದರೆ, ನಲ್ಲಿಯ ಮುಂದೆ ಮಕ್ಕಳ ಸಾಲು. ಮಿಂಚುಳ್ಳಿ ಮಗ್ಗು ಹಿಡಿದು ಯಜಮಾನಿಕೆ ನಡೆಸುತ್ತಿದ್ದಳು.

"ಬೆನ್ನಿಗೆ ಎರಡು, ಕಂಕುಳಿಗೊಂದು! ಏಯ್ ಗುಂಡುಕಲ್ಲು, ನೀನು ನಿನ್ನೆ ಜಾಸ್ತಿ ಬೆವರಿದೀಯ, ಇವತ್ತು ಬರೀ ಹಣೆ!"

ಆಮೇಲೆ ನಲ್ಲಿಯ ನೀರು ಬೀಳುವ ಸದ್ದೊಂದೇ. ಅದಕ್ಕೆ ಸಲಾಕೆಯ ಅಗತ್ಯವಿರಲಿಲ್ಲ.

ಮೇಷ್ಟ್ರು ಮರದ ಹಿಂದೆ ಅಡಗಲು ನೋಡಿದರು. ಮರ ತೆಳ್ಳಗಿತ್ತು, ಮೇಷ್ಟ್ರು ತೆಳ್ಳಗಿರಲಿಲ್ಲ.

"ಇದೇನೇ ನಿನ್ನ ಬೆವರು?" ದರ್ಜಿಯಮ್ಮನ ದನಿ ಏರಲಿಲ್ಲ, ಅದೇ ಹೆಚ್ಚು ಭಯ ಹುಟ್ಟಿಸಿತು. "ನಾನು ರಾತ್ರಿ ನಿನ್ನ ಕಾಲೊತ್ತಿದೆನಲ್ಲೇ. ನಡಿ ಮನೆಗೆ. ಕ್ರೀಡಾಕೂಟನೂ ಬೇಡ, ಏನೂ ಬೇಡ. ಗುಂಡಿ ಡಬ್ಬಿ ಕಾಯ್ತಿದೆ."

ಮಿಂಚುಳ್ಳಿ ಮಗ್ಗನ್ನು ಮೆಲ್ಲಗೆ ನೆಲಕ್ಕಿಟ್ಟಳು. ತಾಯಿ ಕೈಹಿಡಿದು ಗೇಟಿನ ಕಡೆ ತಿರುಗಿದಳು.

ಮೇಷ್ಟ್ರು ಆಗ ಜನ್ಮದಲ್ಲಿ ಮಾಡದ ಕೆಲಸವೊಂದನ್ನು ಮಾಡಿದರು. ಎಲ್ಲರ ಎದುರಿಗೆ ಹೋಗಿ ದಾರಿಗೆ ಅಡ್ಡ ನಿಂತರು.

"ತಪ್ಪು ನಂದಮ್ಮ, ಮಕ್ಕಳದಲ್ಲ. ಕರ್ಕೊಂಡು ಹೋಗಿ, ನಾನು ತಡೆಯಲ್ಲ. ಆದ್ರೆ ಒಂದೇ ಒಂದು ಸಲ ಅವಳು ಓಡೋದು ನೋಡ್ಕೊಂಡು ಹೋಗಿ. ಇಲ್ಲಿರೋರು ಯಾರೂ ಈ ಮಕ್ಕಳು ಓಡೋದನ್ನ ನೋಡೇ ಇಲ್ಲ."

"ದಿನಾ ಬೆಂಚಿನ ಮೇಲೆ ಕೂತಿರೋ ನಾನೇ ನೋಡಿಲ್ಲ!" ಎಂದರು ಮಾವನವರು.

"ನೀವು ಪೇಪರಿನ ಪುಟ ತಿರುಗಿಸೋಷ್ಟರಲ್ಲಿ ಮುಗಿದಿರುತ್ತೆ ಮಾವ."

"ಓಡ್ಲಿ ಬಿಡಿ ಅಮ್ಮ," ಎಂದರು ಸಾಹೇಬರು. "ನನಗೂ ವರದಿ ಬರೆಯೋಕೆ ಏನಾದ್ರೂ ಬೇಕು."

ದರ್ಜಿಯಮ್ಮ ಕೈ ಬಿಟ್ಟಳು. ಮಿಂಚುಳ್ಳಿ ಗೋಡೆಯ ಬಳಿ ಹೋಗಿ ಬಾಗಿ ನಿಂತಳು. ಮೇಷ್ಟ್ರು ಕೈ ತಟ್ಟಿದರು. ಅಷ್ಟರಲ್ಲಿ ಸಾಹೇಬರ ಸಲಾಕೆ ಜಾರಿತು. ಅವರು ಬಗ್ಗಿ ಎತ್ತಿಕೊಂಡು, "ಹೂಂ, ಶುರು ಮಾಡ್ಲಿ," ಎಂದರು.

"ಮುಗೀತು ಸಾರ್," ಎಂದರು ಮೇಷ್ಟ್ರು.

"ಏನು ಮುಗೀತು?"

ಹುಡುಗಿ ಮರದಡಿಯಲ್ಲಿ ಅಂಗಾತ ಮಲಗಿದ್ದಳು. ಹೆಡ್ ಮೇಡಂ ತೆರೆದ ಬಾಯಿ ಮುಚ್ಚಿರಲಿಲ್ಲ. "ನಮ್ಮ ಶಾಲೇಲಿ ಬೆಲ್ ಹೊಡೆದಾಗ ಮನೆಗೆ ಕೂಡ ಯಾರೂ ಇಷ್ಟು ಜೋರಾಗಿ ಓಡಿಲ್ಲ!" ಎಂದರು.

"ನಾನು ನೋಡ್ಲಿಲ್ಲ. ಇನ್ನೊಂದು ಸಲ ಓಡಿಸಿ," ಎಂದರು ಸಾಹೇಬರು.

"ಆಗಲ್ಲ ಸಾರ್," ಎಂದರು ಮೇಷ್ಟ್ರು. "ಉಸಿರು ಪೂರ್ತಿ ಬರಬೇಕು. ಕೂತ್ಕೊಳ್ಳಿ."

ಸರ್ಕಾರಿ ಅಧಿಕಾರಿಗೆ ಆಗಲ್ಲ ಎಂದ ಅಳಿಯನನ್ನು ಮಾವನವರು ಹೊಸದಾಗಿ ನೋಡಿದರು. ಎಲ್ಲರೂ ಹುಲ್ಲಿನ ಮೇಲೆ ಕೂತರು. ದರ್ಜಿಯಮ್ಮ ಮಾತ್ರ ನಿಂತೇ ಇದ್ದಳು. ಅವಳು ಕಣ್ಣು ಮಿಟುಕಿಸದೆ ನೋಡಿದ್ದಳು. ಆದರೆ ಕೋಪಕ್ಕೆ ಬ್ರೇಕ್ ಹಾಕಲು ಸ್ವಲ್ಪ ದೂರ ಬೇಕಾಗುತ್ತದೆ.

"ಓಡಿದಳು, ಸರಿ. ಇಷ್ಟೇ ಇಷ್ಟು ದೂರ ಓಡಿದ್ದಕ್ಕೆ ಇಷ್ಟು ಹೊತ್ತು ಮಲಗಬೇಕಾ? ಇದಕ್ಕೆಲ್ಲ ದಣಿವಾ? ಬೆಳಿಗ್ಗೆಯಿಂದ ಮಷಿನ್ ತುಳಿಯೋಳು ನಾನು, ಒಂದು ದಿನ ಮಲಗಿದೀನಾ?"

ಮಿಂಚುಳ್ಳಿ ತಲೆಯೆತ್ತಿದಳು. "ಹಾಗಾದ್ರೆ ನನ್ನ ಹಿಡಿ ನೋಡೋಣಮ್ಮ."

"ಏನಂದೆ?"

"ಗೋಡೆಯಿಂದ ಮರದ ತನಕ. ಹಿಡಿದ್ರೆ ನಾನು ನಾಳೆಯಿಂದ ಬರೋದೇ ಇಲ್ಲ."

ದರ್ಜಿಯಮ್ಮ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿದಳು. ಚಪ್ಪಲಿ ಕಳಚಿ ಗೋಡೆಯ ಬಳಿ ನಡೆದಳು. ಮೇಷ್ಟ್ರು ಮೆಲ್ಲಗೆ, "ಪೂರ್ತಿ ಶಕ್ತಿ ಹಾಕಿ ಅಮ್ಮ. ಇದರಲ್ಲಿ ಉಳಿತಾಯ ಇಲ್ಲ," ಎಂದರು. ಮಗಳು ಉಸಿರು ಪೂರ್ತಿ ಬಂದು ಗೋಡೆಯ ಬಳಿ ನಿಂತ ಮೇಲೆ ಕೈ ತಟ್ಟಿದರು.

ಅವಳು ಓಡಿದಳು. ಕೊರಳಿನ ಅಳತೆ ಟೇಪು ಹಾರಿ ಬೆನ್ನ ಹಿಂದೆ ನೆಟ್ಟಗೆ ನಿಂತಿತು. ಮೊದಲ ಹೆಜ್ಜೆಗಳಲ್ಲಿ ಕೋಪವಿತ್ತು, ನಡುವೆ ಆಶ್ಚರ್ಯವಿತ್ತು, ಮರ ಹತ್ತಿರ ಬಂದಾಗ ಬಾಯಿಂದ ಕೀಚಲು ನಗುವೊಂದು ಹೊರಟಿತು. ಅದು ಯಾರದೆಂದು ತಿಳಿಯಲು ಅವಳೇ ಒಮ್ಮೆ ಹಿಂದೆ ನೋಡಿದಳು. ಮಗಳು ಸಿಗಲಿಲ್ಲ. ಸಿಗುವುದಿರಲಿ, ಅವಳ ನೆರಳೂ ಸಿಗಲಿಲ್ಲ. ದರ್ಜಿಯಮ್ಮ ಮರವನ್ನು ಅಪ್ಪಿಕೊಂಡು, ಜಾರಿ, ಹುಲ್ಲಿನ ಮೇಲೆ ಅಂಗಾತ ಬಿದ್ದಳು.

"ಅಮ್ಮಾ!"

"ತಾಳೇ... ಮಾತಾಡಿಸ್ಬೇಡ..." ಎದೆ ತಿದಿಯಂತೆ ಏರಿಳಿಯುತ್ತಿತ್ತು. ತೊಡೆ ನಡುಗುತ್ತಿತ್ತು. ಮಗಳು ಹೊಸ ಟವೆಲ್ಲು ತಂದು ತಾಯಿಯ ಹಣೆಗೊತ್ತಿದಳು. ದರ್ಜಿಯಮ್ಮ ಅದನ್ನು ಕಿತ್ತು ನೋಡಿದಳು. ಕೊರಳು ಮುಟ್ಟಿಕೊಂಡಳು, ಕಂಕುಳು ಮುಟ್ಟಿಕೊಂಡಳು.

"ಏನೇ ಇದು? ಜೀವ ಬಾಯಿಗೆ ಬಂದಿದೆ, ಒಂದು ಹನಿ ಬೆವರಿಲ್ಲ!"

"ಅದನ್ನೇ ನಾನು ಅವತ್ತು ಹೇಳ್ಬೇಕು ಅಂತಿದ್ದೆ," ಎಂದರು ಮೇಷ್ಟ್ರು.

"ಹೇಳ್ಬೇಕಾಗಿತ್ತು ರೀ ಮೇಷ್ಟ್ರೇ! ಬಾಯಿಗೆ ಗುಂಡಿ ಹೊಲ್ಕೊಂಡಿದ್ರಾ?"

ಮಕ್ಕಳು ಘೊಳ್ಳೆಂದು ನಕ್ಕರು. ನಗು ಒಬ್ಬರಿಂದೊಬ್ಬರಿಗೆ ಹತ್ತಿ ಹೆಡ್ ಮೇಡಂವರೆಗೆ ಹೋಯಿತು. ಔಷಧಿ ಅಂಗಡಿಯವರು ಪೊಟ್ಟಣಗಳನ್ನು ಜೇಬಿಗೆ ತುರುಕಿ, "ಹಾಗಾದ್ರೆ ಉಪ್ಪು...?" ಎಂದರು. "ಬೇಡಾ!" ಎಂದು ಇಡೀ ಮೈದಾನ ಕೂಗಿತು. ಸಾಹೇಬರು ಕಾಗದ ತೆಗೆದು, ಪೆನ್ನು ಕಚ್ಚಿ, "ನೀರು ಹೋಗಿದ್ದಕ್ಕೆ ಕಾರಣ ಏನಂತ ಬರೀಲಿ ಮೇಡಂ?" ಎಂದು ಕೇಳಿದರು.

"ಬೆವರು ಅಂತ ಬರೀರಿ."

ಸಾಹೇಬರು ಕಾಗದ ಮಡಿಸಿಟ್ಟು, ತಾವೂ ಓಡಲೆಂದು ಬೂಟು ಬಿಚ್ಚತೊಡಗಿದರು. ಮಾವನವರು ಆಗಲೇ ಗೋಡೆಯ ಬಳಿ ನಿಂತು, ಹೊರಡುವ ರೈಲಿಗೆ ಬಾವುಟ ತೋರಿಸುವವರಂತೆ ಪೇಪರು ಬೀಸುತ್ತಿದ್ದರು.

ದರ್ಜಿಯಮ್ಮ ಮಲಗಿಯೇ ಇದ್ದಳು. ಎಲೆಗಳ ನಡುವೆ ಆಕಾಶ ಕಾಣುತ್ತಿತ್ತು. ಅಷ್ಟು ಆಕಾಶವನ್ನು ಅಷ್ಟು ಹೊತ್ತು ಅವಳು ನೋಡಿ ಎಷ್ಟು ಕಾಲವಾಗಿತ್ತೋ, ಆ ಮೇಲಿನವನಿಗೇ ಗೊತ್ತು. ಕೈ ಮಾತ್ರ ಸುಮ್ಮನಿರಲಿಲ್ಲ. ಮಲಗಿದಲ್ಲಿಂದಲೇ ಮಗಳ ಸ್ಕರ್ಟಿನ ಅಂಚು ಹಿಡಿದು, ಮಂಡಿಯ ಬಳಿ ಟೇಪು ಇಟ್ಟು ನೋಡುತ್ತಿತ್ತು.

"ಈ ಸ್ಕರ್ಟು ಮಂಡಿಗೆ ತಾಗ್ತಿದೆ. ಇದನ್ನ ಹಾಕ್ಕೊಂಡು ಕ್ರೀಡಾಕೂಟಕ್ಕೆ ಹೋದ್ರೆ ಜನ ನನ್ನ ಹೊಲಿಗೆಗೆ ನಗ್ತಾರೆ. ಓಡೋಕೆ ಅಂತ ಚಡ್ಡಿ ಹೊಲಿದುಕೊಡ್ತೀನಿ, ಅಲ್ಲಾಡ್ಬೇಡ."

ಮಿಂಚುಳ್ಳಿ ಅಲ್ಲಾಡದೆ ನಿಂತಳು. ಅವಳನ್ನು ಬಲ್ಲವರು ಇದನ್ನು ಆ ಸಂಜೆಯ ದೊಡ್ಡ ಪವಾಡವೆನ್ನುತ್ತಾರೆ.

ಹೊತ್ತು ಇಳಿಯುತ್ತಿತ್ತು. ಮೇಷ್ಟ್ರು ಸಂಕೋಚದಿಂದ ಹತ್ತಿರ ಬಂದು, "ಅಮ್ಮಾ, ಗೇಟು ಹಾಕೋ ಹೊತ್ತಾಯ್ತು. ಏಳ್ತೀರಾ?" ಎಂದರು.

"ಸ್ವಲ್ಪ ತಾಳಿ ಮೇಷ್ಟ್ರೇ," ಎಂದಳು ದರ್ಜಿಯಮ್ಮ, ಕಣ್ಣು ಮುಚ್ಚಿಕೊಂಡೇ. "ಉಸಿರು ಪೂರ್ತಿ ಬರ್ಲಿ. ಈ ಸಲ ಇವಳನ್ನ ಹಿಡೀದೆ ನಾನು ಮನೆಗೆ ಹೋಗಲ್ಲ."